ವಾಣಿಜ್ಯ ಪ್ರಬಂಧಗಳಲ್ಲಿ ವಿಷಯವೂ ಪ್ರಶ್ನೆಯೂ

ವಾಣಿಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಪದವಿಗಾಗಿ ಬರೆಯುವ ಪ್ರಬಂಧಗಳಿಗೆ ಒಂದು ನಿಶ್ಚಿತವಾದ ರೂಪ ಒದಗಿಬಂದಿದೆ. ಪೀಠಿಕೆ, ಪೂರ್ವಸಾಹಿತ್ಯದ ಸಮೀಕ್ಷೆ, ಸಂಸ್ಥೆಯ ಪರಿಚಯ, ಅಂಕಿ ಅಂಶಗಳ ವಿಶ್ಲೇಷಣೆ, ಸಲಹೆಗಳು ಎಂದು ಐದು ಅಧ್ಯಾಯಗಳು; ಶೀರ್ಷಿಕೆಯ ಕೊನೆಯಲ್ಲಿ ‘ಒಂದು ಅಧ್ಯಯನ’ ಎಂಬ ಎರಡು ಮಾತು. ಈ ರೂಪವನ್ನು ನಾವು ಆಕ್ಷೇಪಿಸುವುದಿಲ್ಲ. ಹೊಸಬನಿಗೆ ಅದೊಂದು ಊರುಗೋಲು. ಆದರೆ ರೂಪವು ಸಿದ್ಧವಾಗಿರುವುದರಿಂದ ಅದರೊಳಗಿನ ವಿಚಾರವೂ ಸಿದ್ಧವಾಗಿದೆಯೆಂಬ ಭ್ರಮೆ ಹುಟ್ಟುವುದುಂಟು. ಇಂಥ ಪ್ರಬಂಧಗಳಲ್ಲಿ ಬಹುಪಾಲಿಗೆ ವಿಷಯವುಂಟು, ಪ್ರಶ್ನೆಯಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಅಂತರವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ೧೯೨೫ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡು ಹೋಗುವ ಏರ್ಪಾಡು ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯ ಪದ್ಧತಿಯಾದರೋ ನಮ್ಮ ಸಹಕಾರ ಸಂಘಗಳಲ್ಲಿ ಇಂದಿಗೂ ಜೀವಂತವಾಗಿದೆ. ‘ಪಿಗ್ಮಿ ಠೇವಣಿ: ಒಂದು ಅಧ್ಯಯನ’ ಎಂದರೆ ಅದು ವಿಷಯ. ಮೊಬೈಲಿನಿಂದಲೇ ಹಣ ಸಂದಾಯ ಮಾಡಬಲ್ಲ ಅಂಗಡಿಯವನು ಇನ್ನೂ ಸಂಗ್ರಾಹಕನ ಕೈಗೇ ಹಣ ಕೊಡುವುದೇಕೆ ಎಂದರೆ ಅದು ಪ್ರಶ್ನೆ.

ಪ್ರಶ್ನೆಯು ಹುಟ್ಟಿದೊಡನೆ ಪ್ರಬಂಧದ ಯೋಜನೆಯೂ ಅದರ ಹಿಂದೆಯೇ ನಡೆದುಬರುತ್ತದೆ. ಮೂರು ಉತ್ತರಗಳು ಸಾಧ್ಯ: ಅದು ಕೇವಲ ಅನುಕೂಲ, ಅಥವಾ ದಿನನಿತ್ಯದ ಭೇಟಿಯು ಹೇರುವ ಕಟ್ಟುಪಾಡು, ಅಥವಾ ಠೇವಣಿಯ ಮೇಲೆ ದೊರೆಯುವ ಸಾಲದ ನಿರೀಕ್ಷೆ. ಕೇವಲ ಅನುಕೂಲವೇ ಕಾರಣವಾದರೆ, ಸಂಗ್ರಾಹಕನು ಬಾರದೆ ತಪ್ಪಿದ ಕಂತುಗಳನ್ನು ಅಂಗಡಿಯವನು ಮರುದಿನ ಒಟ್ಟಾಗಿ ಕಟ್ಟಬೇಕು. ಭೇಟಿಯ ಒತ್ತಾಯವೇ ಕಾರಣವಾದರೆ ಆ ಹಣ ಬೇರೆಡೆ ವೆಚ್ಚವಾಗಿ ಹೋಗಿರಬೇಕು. ಸಾಲವೇ ಕಾರಣವಾದರೆ ಸಾಲ ತೀರಿದ ಮೇಲೆ ಕಂತು ಕುಗ್ಗಬೇಕು ಅಥವಾ ನಿಲ್ಲಬೇಕು. ಈ ಮೂರನ್ನೂ ಖಾತೆದಾರರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ, ಪಾಸು ಪುಸ್ತಕಗಳ ನಮೂದುಗಳಲ್ಲಿ ಪರೀಕ್ಷಿಸಬಹುದು. ಯಾವ ದಾಖಲೆ ಬೇಕು, ಎಷ್ಟು ತಿಂಗಳದು ಬೇಕು, ಯಾವುದು ಬೇಡ ಎಂಬುದನ್ನೆಲ್ಲ ಪ್ರಶ್ನೆಯೇ ನಿರ್ಧರಿಸುತ್ತದೆ.

ಪ್ರಶ್ನೆಯಿಲ್ಲದ ಕಡೆ ಆ ಸ್ಥಾನವನ್ನು ಪ್ರಶ್ನಾವಳಿಯು ಆಕ್ರಮಿಸುತ್ತದೆ. ಪರಿಚಿತರಾದ ನೂರು ಮಂದಿಯನ್ನು ಹಿಡಿದು, ‘ನೀವು ತೃಪ್ತರೇ?’ ಎಂದು ಕೇಳಿ, ಶೇಕಡಾವಾರು ಕೋಷ್ಟಕಗಳನ್ನು ರಚಿಸುವುದು ರೂಢಿಯಾಗಿದೆ. ಯಾದೃಚ್ಛಿಕವಾಗಿ ಆಯ್ದ ನೂರು ಮಂದಿಯಲ್ಲಿ ಐವತ್ತು ಮಂದಿ ತೃಪ್ತರೆಂದು ಕಂಡುಬಂದರೂ, ಇಡೀ ಸಮೂಹದಲ್ಲಿ ಆ ಪ್ರಮಾಣ ಸುಮಾರು ಶೇಕಡಾ ೪೦ರಿಂದ ೬೦ರೊಳಗೆ ಎಲ್ಲಿಯಾದರೂ ಇರಬಹುದೆಂದು ಮಾತ್ರ ೯೫ರ ವಿಶ್ವಾಸಮಟ್ಟದಲ್ಲಿ ಹೇಳಬಹುದು. ಕೈಗೆ ಸಿಕ್ಕವರನ್ನು ಕೇಳಿದವನಿಗೆ ಅಷ್ಟು ಹೇಳುವ ಅಧಿಕಾರವೂ ಇಲ್ಲ. ಇನ್ನು, ಇಪ್ಪತ್ತು ಕೋಷ್ಟಕಗಳಿಗೆ ಕೈ-ವರ್ಗ ಪರೀಕ್ಷೆಯನ್ನು ಶೇಕಡಾ ೫ರ ಮಟ್ಟದಲ್ಲಿ ಅನ್ವಯಿಸಿದರೆ, ನಿಜವಾದ ಸಂಬಂಧ ಒಂದೂ ಇಲ್ಲದಿದ್ದರೂ ಸರಾಸರಿ ಒಂದಾದರೂ ‘ಮಹತ್ವದ್ದು’ ಎಂದು ತೋರಿಬರುತ್ತದೆ. ಆ ಒಂದರ ಮೇಲೆ ಸಲಹೆಗಳ ಅಧ್ಯಾಯವನ್ನು ಕಟ್ಟುವುದು ಮರಳಿನ ಮೇಲೆ ಮನೆ ಕಟ್ಟಿದಂತೆ.

ದೊಡ್ಡ ಪ್ರಶ್ನೆಯು ದೊಡ್ಡ ವಿದ್ವಾಂಸರಿಗೇ ಮೀಸಲೆಂಬ ಸಂಕೋಚಕ್ಕೆ ಕಾರಣವಿಲ್ಲ. ರೊನಾಲ್ಡ್ ಕೋಸ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಬಿ.ಕಾಂ. ವಿದ್ಯಾರ್ಥಿಯಾಗಿದ್ದಾಗಲೇ, ೧೯೩೧–೩೨ರಲ್ಲಿ, ಪ್ರವಾಸ ವೇತನದ ಮೇಲೆ ಅಮೆರಿಕೆಗೆ ಹೋಗಿ ಕಾರ್ಖಾನೆಗಳನ್ನು ಸಂದರ್ಶಿಸಿದರು. ಬೆಲೆಯ ವ್ಯವಸ್ಥೆಯೇ ಎಲ್ಲವನ್ನೂ ಹೊಂದಿಸುವುದಾದರೆ ವ್ಯಾಪಾರ ಸಂಸ್ಥೆಗಳು ಏಕಿರಬೇಕು ಎಂಬುದು ಅವರ ಪ್ರಶ್ನೆ. ಮಾರುಕಟ್ಟೆಯನ್ನು ಬಳಸುವುದಕ್ಕೂ ಒಂದು ವೆಚ್ಚವುಂಟು ಎಂಬ ಉತ್ತರವನ್ನು ಅವರು ೧೯೩೭ರ ಲೇಖನದಲ್ಲಿ ಪ್ರಕಟಿಸಿದರು. ೧೯೯೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಾಗ ಆ ಲೇಖನವೂ ಗಣನೆಗೆ ಬಂದಿತ್ತು. ಎಲ್ಲರೂ ಕೋಸ್ ಆಗಲಾರರು, ನಿಜ. ಆದರೆ ಕಾರ್ಖಾನೆಯ ಬಾಗಿಲಲ್ಲಿ ‘ಏಕೆ?’ ಎಂದು ಕೇಳುವುದು ಯಾರಿಗೂ ನಿಷಿದ್ಧವಲ್ಲ.

ಪೂರ್ವಸಾಹಿತ್ಯದ ಸಮೀಕ್ಷೆಯ ಬಗೆಗೂ ಒಂದು ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಹೊರಡಿಸಿದ ಕೃತಿಚೌರ್ಯ ನಿಯಮಗಳ ಪ್ರಕಾರ ಶೇಕಡಾ ೧೦ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ವಿದ್ಯಾರ್ಥಿಯು ಈ ಅಂಕಿಯನ್ನು ದಾಟದಂತೆ ಪದಗಳನ್ನು ಬದಲಿಸುವುದರಲ್ಲಿ ಕಳೆಯುವ ಕಾಲವನ್ನು, ಹಿಂದಿನವರು ಎಲ್ಲಿ ಪರಸ್ಪರ ಒಪ್ಪುವುದಿಲ್ಲ ಎಂದು ಹುಡುಕುವುದರಲ್ಲಿ ಕಳೆದರೆ ಪ್ರಶ್ನೆಯು ಅಲ್ಲಿಯೇ ದೊರೆತೀತು. ಯಂತ್ರವು ಅಳೆಯುವುದು ಪದಗಳ ಸಾಮ್ಯವನ್ನು. ಎರವಲು ತಂದ ವಿಚಾರವನ್ನು ಅಳೆಯುವ ಹೊಣೆ ಪರೀಕ್ಷಕರದು.

ದೋಷವನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನಿಗೆ ದೊರೆಯುವ ಕಾಲ ಅಲ್ಪ. ವಿಷಯದ ಹೆಸರನ್ನು ನಮೂದಿಸಿ ಸಹಿ ಪಡೆಯುವುದೇ ಮೊದಲ ಕೆಲಸವೆಂದು ಕಲಿಸಿದವರು ನಾವು. ಆದರೆ ಈ ಅಲಕ್ಷ್ಯದ ಬೆಲೆ ಸಣ್ಣದಲ್ಲ. ನಮ್ಮ ಪೇಟೆಗಳಲ್ಲಿ ದಿನವೂ ನಡೆಯುವ ಲೇವಾದೇವಿಯ ವಿವರಗಳು ದಾಖಲಾಗದೆ ಅಳಿಯುತ್ತಿರುವಾಗ, ಅವುಗಳ ಪಕ್ಕದಲ್ಲೇ ಓಡಾಡುವ ತರುಣರನ್ನು ತೃಪ್ತಿಯ ಕೋಷ್ಟಕ ತುಂಬುವುದಕ್ಕೆ ಕಳುಹಿಸುತ್ತಿದ್ದೇವೆ. ಮಾರ್ಗದರ್ಶಕರು ಮೊದಲ ಭೇಟಿಯಲ್ಲಿ ಶೀರ್ಷಿಕೆಯನ್ನು ಕೇಳದಿರಲಿ. ಪ್ರಶ್ನಾರ್ಥಕ ಚಿಹ್ನೆಯುಳ್ಳ ಒಂದು ವಾಕ್ಯವನ್ನು, ಅದಕ್ಕೆ ‘ಅಲ್ಲ’ ಎಂಬ ಉತ್ತರವನ್ನು ತರಬಲ್ಲ ಸಾಕ್ಷ್ಯ ಯಾವುದೆಂಬುದನ್ನೂ ಕೇಳಲಿ. ಇವೆರಡು ದೊರೆತ ಮೇಲೆ ಐದು ಅಧ್ಯಾಯಗಳನ್ನು ಬರೆಯುವುದು ಕಷ್ಟವಾಗಲಾರದು.