ಶವಪೆಟ್ಟಿಗೆ ಬರುವ ಮೊದಲು

ಸ್ವಿಸ್ ಕಲಾವಿದ ಅರ್ನಾಲ್ಡ್ ಬ್ಯೋಕ್ಲಿನ್‌ನ ‘ಮೃತರ ದ್ವೀಪ’ವನ್ನು ವಿವರಿಸುವವರು ಸಾಮಾನ್ಯವಾಗಿ ದೋಣಿಯಿಂದ ಶುರುಮಾಡುತ್ತಾರೆ. ಅಂಬಿಗ ಗ್ರೀಕ್ ಪುರಾಣದ ಕ್ಯಾರನ್, ಬಿಳಿ ಹೊದ್ದು ನಿಂತದ್ದು ಆತ್ಮ, ನೀರು ನಮ್ಮ ವೈತರಣಿಯಂಥ ಸ್ಟಿಕ್ಸ್ ನದಿ. ಅಲ್ಲಿಗೆ ಲೆಕ್ಕ ಚುಕ್ತಾ. ಚಿತ್ರ ಹುಟ್ಟಿದ ಬಗೆ ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

1880ರಲ್ಲಿ ಮೊದಲ ಪ್ರತಿ ಇನ್ನೂ ಮುಗಿಯದೆ ಸ್ಟುಡಿಯೊದಲ್ಲಿದ್ದಾಗ ಮರೀ ಬರ್ನಾ ಎಂಬ ವಿಧವೆ ಅದನ್ನು ಕಂಡು ಮರುಳಾಗಿ, ತನಗೂ ಅಂಥದ್ದೊಂದು ಬೇಕೆಂದಳು. ತೀರಿಕೊಂಡ ಗಂಡನ ನೆನಪಿಗೆ ಶವಪೆಟ್ಟಿಗೆ, ಬಿಳಿಯುಡುಗೆಯ ಹೆಂಗಸು ಸೇರಿದ್ದು ಅವಳ ಕೋರಿಕೆಯಿಂದ. ಆಮೇಲೆ ಬ್ಯೋಕ್ಲಿನ್ ಅವನ್ನು ಮೊದಲ ಪ್ರತಿಗೂ ಸೇರಿಸಿದ. ಅಂದರೆ ಬರ್ನಾಳನ್ನು ಹಿಡಿದು ನಿಲ್ಲಿಸಿದ ಚಿತ್ರದಲ್ಲಿ ಇವತ್ತು ನಾವು ಬೆರಳಿಟ್ಟು ತೋರಿಸುವ ಈ ಎರಡು ಸಂಕೇತಗಳೇ ಇರಲಿಲ್ಲ!

ಹಾಗಾದರೆ ಹಿಡಿದು ನಿಲ್ಲಿಸಿದ್ದು ಯಾವುದು? ಈಗ ಬಾಸೆಲ್‌ನಲ್ಲಿರುವ ಆ ಪ್ರತಿಯ ನಡುಮಧ್ಯವನ್ನು ನೋಡಿ. ಎರಡೂ ಕಡೆ ಬಂಡೆಗಳು ತೋಳಿನಂತೆ ಚಾಚಿಕೊಂಡಿವೆ, ಅವುಗಳ ಮೈಮೇಲೆ ಮಂದ ಬೆಳಕಿದೆ. ಕಣ್ಣು ಸಹಜವಾಗಿ ಒಳಕ್ಕೆ ಜಾರುತ್ತದೆ. ಅಲ್ಲಿ ಸಿಗುವುದು ಸೈಪ್ರೆಸ್ ಮರಗಳ ಕಡುಗಪ್ಪು ಗೋಡೆ. ದಾರಿಯಿಲ್ಲ, ಬಾಗಿಲಿಲ್ಲ. ಒಳಗೆ ಕರೆದು ಅಲ್ಲೇ ತಡೆಯುವ ಈ ಸಂಯೋಜನೆಯಲ್ಲೇ ಚಿತ್ರದ ಭಾವವೆಲ್ಲ ಅಡಗಿದೆ. ಇಟಲಿಯ ಕಡೆ ಸೈಪ್ರೆಸ್ ಸ್ಮಶಾನದ ಮರ; ನಮ್ಮಲ್ಲಿ ಅದು ಪಾರ್ಕಿನ ಅಲಂಕಾರ. ಆದರೂ ಎದೆ ಭಾರವಾಗುವುದೇನೂ ತಪ್ಪುವುದಿಲ್ಲ.

ಬಿಳಿಯಾಕೃತಿಯನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಮಗೆ ಬೆನ್ನು ತಿರುಗಿಸಿ ನಿಂತಿರುವುದರಿಂದ ಅಳು ಕಾಣದು, ಮುಖ ಕಾಣದು. ಹೀಗಾಗಿ ಚಿತ್ರ ಗೋಳಾಟಕ್ಕೆ ಜಾರದೆ ಉಳಿಯಿತು. ಸೋತದ್ದು 1883ರ ಮೂರನೆಯ ಪ್ರತಿಯಲ್ಲಿ, ಈಗ ಬರ್ಲಿನ್‌ನಲ್ಲಿರುವುದರಲ್ಲಿ. ಆಕಾಶ ತಿಳಿಯಾಗಿದೆ, ಬಂಡೆಗಳ ಅಂಚು ಚೊಕ್ಕವಾಗಿದೆ. ಬಂಡೆಯಲ್ಲಿ ಕೊರೆದ ಒಂದು ಗವಿಯ ಮೇಲೆ ಕಲಾವಿದನ ಸ್ವಂತ ಇನಿಷಿಯಲ್‌ಗಳೂ ಇವೆ! ಕಸುಬು ಹೆಚ್ಚಿತು, ದ್ವೀಪ ನಾಟಕದ ಸೀನರಿಯಾಯಿತು.

1886ರ ಹೊತ್ತಿಗೆ ಐದು ಪ್ರತಿಗಳಾದವು. ರಷ್ಯದ ಸಂಗೀತಗಾರ ರಖ್ಮಾನಿನೊವ್ ಮೊದಲು ಕಂಡದ್ದು ಈ ಚಿತ್ರದ ಒಂದು ಕಪ್ಪುಬಿಳುಪು ಅಚ್ಚನ್ನು. 1909ರಲ್ಲಿ ಅದೇ ಹೆಸರಿನ ಕೃತಿ ರಚಿಸಿದ. ದೋಣಿಯ ಹುಟ್ಟು ಹಾಕುವ ತೂಗಾಟವನ್ನು ಐದರ ಎಣಿಕೆಯ ಲಯದಲ್ಲಿ ಹಿಡಿದ. ಮುಂದೆ ಬಣ್ಣದ ಮೂಲಚಿತ್ರ ಕಂಡಾಗ ಅವನಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ನೆರಳು ಬೆಳಕಷ್ಟೇ ಅವನಿಗೆ ಸಾಕಾಗಿತ್ತು.