ದಮಯಂತಿ ಕಂಡ ನಿಮೇಷ

ಎವೆಯಿಕ್ಕದೆ ನೋಡುವವನಲ್ಲಿ ಧೈರ್ಯವನ್ನೂ, ಮೇಲಿಂದ ಮೇಲೆ ರೆಪ್ಪೆ ಬಡಿಯುವವನಲ್ಲಿ ಅಳುಕನ್ನೂ ಕಾಣುವುದು ಲೋಕರೂಢಿ. ಸಭೆಯಲ್ಲಿ ಮಾತನಾಡಲು ನಿಂತ ತರುಣನನ್ನೂ, ಹಸೆಗೆ ಬರಲಿರುವ ಕನ್ಯೆಯನ್ನೂ ಜನರು ಈ ತಕ್ಕಡಿಯಲ್ಲಿಯೇ ತೂಗುವುದುಂಟು. ಈ ತೂಕವು ನ್ಯಾಯವೇ ಎಂಬುದನ್ನು ಪರೀಕ್ಷಿಸಲು ಮಹಾಭಾರತದ ನಳೋಪಾಖ್ಯಾನವು ಒಳ್ಳೆಯ ಒರೆಗಲ್ಲಾಗಿದೆ.

ಕನಕದಾಸರ ನಳಚರಿತ್ರೆಯಿಂದ ಈ ಕಥೆ ಕನ್ನಡಿಗರಿಗೆ ಚಿರಪರಿಚಿತವಾದುದು. ಮೂಲಭಾರತದಲ್ಲಿ ಸ್ವಯಂವರದ ಸನ್ನಿವೇಶ ಹೀಗಿದೆ: ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತಾಳಿರಲು, ದಮಯಂತಿಯ ಮುಂದೆ ಐವರು ನಳರು. ಹಿರಿಯರಿಂದ ಕೇಳಿದ್ದ ದೇವತಾಲಕ್ಷಣಗಳನ್ನು ಅವಳು ನೆನೆದರೂ ಅವು ಒಬ್ಬರಲ್ಲಿಯೂ ಕಾಣವು. ಕಡೆಗೆ ತನ್ನ ಸತ್ಯವನ್ನೇ ಮುಂದಿಟ್ಟು ಅವಳು ದೇವತೆಗಳಿಗೆ ಶರಣಾಗಲು, ಅವರು ನಿಜಚಿಹ್ನೆಗಳನ್ನು ತೋರುತ್ತಾರೆ. ನಾಲ್ವರು ಬೆವರಿಲ್ಲದೆ, ಸ್ತಬ್ಧವಾದ ಕಣ್ಣುಗಳಿಂದ, ಬಾಡದ ಮಾಲೆಗಳನ್ನು ಧರಿಸಿ, ನೆಲ ಸೋಕದೆ ನಿಂತಿರುವರು. ಐದನೆಯವನಿಗಾದರೋ ನೆರಳುಂಟು, ಮಾಲೆ ಬಾಡಿದೆ, ಮೈಯಲ್ಲಿ ಧೂಳೂ ಬೆವರೂ ಇವೆ, ಪಾದಗಳು ನೆಲದ ಮೇಲಿವೆ, ರೆಪ್ಪೆಗಳು ಮಿಡಿಯುತ್ತಿವೆ.

ಇಲ್ಲಿ ಕವಿಯ ಔಚಿತ್ಯವನ್ನು ಗಮನಿಸತಕ್ಕುದು. ನಳನ ಗುರುತುಗಳಲ್ಲಿ ನಿಮೇಷವನ್ನು ಅವನು ಎಲ್ಲಕ್ಕೂ ಕಡೆಯಲ್ಲಿ ಇರಿಸಿದ್ದಾನೆ. ನೆರಳು, ಮಾಲೆ, ಧೂಳುಗಳು ನಿಂತ ಚಿತ್ರಕ್ಕೂ ಸಲ್ಲುವ ಗುರುತುಗಳು. ಎವೆಯ ಮಿಡಿತವೊಂದೇ ಚಲನೆ, ಒಳಗಿನ ಜೀವದ ಸಾಕ್ಷಿ. ಆ ನಾಲ್ವರ ನೋಟದಲ್ಲಿ ತೇಜಸ್ಸಿದೆ, ಮಾರ್ದವವಿಲ್ಲ. ಅದು ಭಕ್ತಿಯನ್ನು ಹುಟ್ಟಿಸಬಲ್ಲದು, ಸಲಿಗೆಯನ್ನು ಹುಟ್ಟಿಸಲಾರದು.

ಪ್ರೇಮಿಗಳ ಎವೆಯಿಕ್ಕದ ನೋಟವನ್ನು ಕಾವ್ಯಗಳು ಕೊಂಡಾಡಿಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಇದಕ್ಕೆ ಭರತನ ನಾಟ್ಯಶಾಸ್ತ್ರದಲ್ಲಿ ಸಮಾಧಾನ ಉಂಟು. ಅದು ಹೇಳುವ ರೆಪ್ಪೆಯ 9 ಕರ್ಮಗಳಲ್ಲಿ ಅರಳಿ ನಿಂತ ರೆಪ್ಪೆ ವಿಸ್ಮಯ, ವೀರ, ಹರ್ಷಗಳಿಗೆ ಸಲ್ಲುವುದು; ಶೃಂಗಾರಕ್ಕೆ ವಿಧಿಸಿರುವುದು ಸಹಜವಾದ ‘ಸಮ’ವನ್ನೇ. ಬೆರಗು ಕ್ಷಣಿಕ, ಒಡನಾಟಕ್ಕೆ ಸಹಜತೆಯೇ ಬೇಕು.

ಈಚಿನ ಶೋಧನೆಯೂ ಇದಕ್ಕೆ ದೂರವಾದುದಲ್ಲ. ನೆದರ್ಲೆಂಡ್ಸಿನ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಂಪ್ಯೂಟರಿನಿಂದ ಕಲ್ಪಿಸಿದ ಕೇಳುಗನೊಬ್ಬನ ಮುಂದೆ ಜನರನ್ನು ಮಾತನಾಡಿಸಿದರು. ಆ ಕೇಳುಗನ ಎವೆಮುಚ್ಚುವಿಕೆ ಸೆಕೆಂಡಿನ ಐದನೆಯ ಒಂದು ಭಾಗದಿಂದ ಐದರಲ್ಲಿ ಮೂರು ಭಾಗದಷ್ಟು ದೀರ್ಘವಾದಾಗ, ಎದುರಿನವರ ಉತ್ತರಗಳು ಮೊಟಕಾದವು. ‘ತಿಳಿಯಿತು’ ಎಂಬ ಸೂಚನೆಯನ್ನು ರೆಪ್ಪೆಯೇ ಕೊಟ್ಟಂತಾಯಿತು. ಅಂದಮೇಲೆ ಮಿಡಿಯುವ ಎವೆ ದೌರ್ಬಲ್ಯದ ಲಕ್ಷಣವೆಂದು ಎಣಿಸುವುದೆಂತು? ಅದು ಸಂಭಾಷಣೆಯ ಒಂದು ಅಂಗ.

ಆದುದರಿಂದ ಗೌರವವನ್ನು ಗಳಿಸಲೆಂದು ಕಣ್ಣನ್ನು ಕಲ್ಲಾಗಿಸುವ ಅಭ್ಯಾಸವೂ ವ್ಯರ್ಥ. ರೆಪ್ಪೆ ಹೆಚ್ಚು ಬಡಿಯಿತೆಂದು ಒಬ್ಬರ ಗುಣವನ್ನು ಅಳೆಯುವುದೂ ಅನ್ಯಾಯ. ಕಣ್ಣಿನ ಉರಿ, ನಿದ್ದೆಗೇಡು, ಹೊಸಬರ ಮುಂದಿನ ಸಂಕೋಚ, ಇವೆಲ್ಲವೂ ಎವೆಯನ್ನು ಮಿಡಿಸಬಲ್ಲವು. ದಮಯಂತಿಯಾದರೋ ನಾಲ್ವರು ಅನಿಮಿಷರನ್ನು ವಂದಿಸಿ ಬಿಟ್ಟು, ಧೂಳು ಮೆತ್ತಿ ಬೆವರಿ ಎವೆ ಮಿಡಿಯುತ್ತಿದ್ದ ಮನುಷ್ಯನ ಹೆಗಲಿಗೆ ಮಾಲೆಯನ್ನು ಹಾಕಿದಳು. ಅದನ್ನು ಕಂಡು ದೇವತೆಗಳೇ ಮೆಚ್ಚಿದರೆಂದು ಕವಿ ಹೇಳಿರುವನು.