ಗರಿಗರಿಯಲ್ಲೂ ಒಂದು ತಾರೀಖು

ಇಂಡೋನೇಷ್ಯಾದ ರಾಷ್ಟ್ರಲಾಂಛನದ ಗರುಡನನ್ನು ದೂರದಿಂದ ನೋಡಿದರೆ ಹೊಳೆಯುವ ಚಿನ್ನದ ಹಕ್ಕಿ. ಹತ್ತಿರ ಹೋಗಿ ಗರಿ ಎಣಿಸಿದರೆ ಅದೊಂದು ಪಂಚಾಂಗ!

ಒಂದೊಂದು ರೆಕ್ಕೆಯಲ್ಲೂ 17 ಗರಿ, ಬಾಲದಲ್ಲಿ 8, ಗುರಾಣಿಯ ಕೆಳಗೆ ಬಾಲದ ಬುಡದಲ್ಲಿ 19, ಕೊರಳಲ್ಲಿ 45. ಜೋಡಿಸಿ ಓದಿದರೆ 17-8-1945, ಆ ದೇಶ ಸ್ವಾತಂತ್ರ್ಯ ಸಾರಿದ ದಿನ. ಇಷ್ಟೆಲ್ಲ ಲೆಕ್ಕ ಹೊತ್ತೂ ರೆಕ್ಕೆಯ ಬೀಸು ಎಲ್ಲೂ ಬಿಗಿಯಾಗಿಲ್ಲ. ಕುಶಲತೆ ಎಂದರೆ ಇದೇ.

ಎದೆಯ ಗುರಾಣಿಯಲ್ಲಿ ಪಂಚಶೀಲದ, ಅಂದರೆ ದೇಶದ ಐದು ಮೂಲತತ್ವಗಳ, ಐದು ಚಿತ್ರಗಳು: ನಕ್ಷತ್ರ, ಸರಪಳಿ, ಆಲದ ಮರ, ಕಾಡುಗೂಳಿಯ ತಲೆ, ಭತ್ತ-ಹತ್ತಿ. ಸರಪಳಿಯನ್ನು ದಿಟ್ಟಿಸಬೇಕು. ಚೌಕ ಕೊಂಡಿ ಗಂಡು, ದುಂಡನೆಯದು ಹೆಣ್ಣು, ಒಂದರೊಳಗೊಂದು ಹೆಣೆದುಕೊಂಡಿವೆ. ಗುರಾಣಿಯ ನಡುವಿನ ದಪ್ಪ ಕಪ್ಪುಗೆರೆ ಭೂಮಧ್ಯರೇಖೆ.

ಪೊಂಟಿಯಾನಕ್‌ನ ಸುಲ್ತಾನ್ ಎರಡನೇ ಹಮೀದ್ ರಚಿಸಿದ ಈ ವಿನ್ಯಾಸ 1950ರ ಫೆಬ್ರುವರಿಯಲ್ಲಿ ಅಂಗೀಕಾರವಾಯಿತು. ಮೊದಲ ಗರುಡನ ತಲೆ ಬೋಳಾಗಿತ್ತು. ಅದು ಅಮೆರಿಕದ ಹದ್ದನ್ನು ಹೋಲುತ್ತದೆಂದು ಅಧ್ಯಕ್ಷ ಸುಕರ್ಣೋಗೆ ಅನಿಸಿತು, ಜುಟ್ಟು ಮೂಡಿತು. ಕಾಲಡಿಯ ಪಟ್ಟಿಯ ಹಿಂದಿದ್ದ ಉಗುರುಗಳೂ ಮುಂದೆ ಬಂದು ಅದನ್ನು ಬಿಗಿಯಾಗಿ ಹಿಡಿದವು.

ಆ ಪಟ್ಟಿಯ ಮೇಲಿರುವುದು ‘ಭಿನ್ನೇಕ ತುಂಗಲ್ ಇಕ’. ಭಿನ್ನವಾಗಿದ್ದರೂ ಒಂದೇ ಎಂದರ್ಥ. 14ನೇ ಶತಮಾನದ ಜಾವಾ ಕವಿ ಎಂಪು ತಂತುಲರ್‌ನ ‘ಸುತಸೋಮ’ ಕಾವ್ಯದ ಆ ಮಾತನ್ನು ಗರುಡ ಇಂದಿಗೂ ಕಾಲಲ್ಲಿ ಹಿಡಿದು ನಿಂತಿದ್ದಾನೆ.